ಪ್ರಶಸ್ತಿ ಪಡೆದ ಪೊಟ್ಟಣ: ಓಆರ್‌ಎಸ್ ಪುಡಿಯ ವಿಮರ್ಶೆ

2025ರ ಮಳೆಗಾಲದ ಆರಂಭದಲ್ಲಿ, ಬಾವಿಯ ನೀರು ಇನ್ನೂ ಕದಡಿಕೊಂಡೇ ಇದ್ದ ದಿನಗಳಲ್ಲಿ, ಉಡುಪಿ ಸಮೀಪದ ನಮ್ಮ ಮನೆಯಲ್ಲಿ ಮೂರು ವರ್ಷದ ಮೊಮ್ಮಗನಿಗೆ ಬೆಳಗಿನ ಜಾವ ವಾಂತಿ-ಭೇದಿ ಶುರುವಾಯಿತು. ಮಗ ಪೇಟೆಗೆ ಓಡಿ ಒಂದು ಮೆಡಿಕಲ್‌ನಲ್ಲಿ ಓಆರ್‌ಎಸ್ (ಭೇದಿಯಲ್ಲಿ ಹೋದ ನೀರನ್ನೂ ಲವಣವನ್ನೂ ತುಂಬಿಸಲು ನೀರಿಗೆ ಕಲಸಿ ಕುಡಿಸುವ ಪುಡಿ) ಕೇಳಿದ. ಅಂಗಡಿಯವರು ಕೊಟ್ಟದ್ದು ಹಣ್ಣಿನ ಚಿತ್ರವಿದ್ದ, ಬದಿಯಲ್ಲಿ ಸ್ಟ್ರಾ ಅಂಟಿಸಿದ್ದ ಎರಡು ರಟ್ಟಿನ ಡಬ್ಬಿಗಳನ್ನು. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಓಆರ್‌ಎಸ್ ಎಂಬ ಮೂರಕ್ಷರಗಳು ಇದ್ದವು. ಸಿಹಿಯಾಗಿದ್ದುದರಿಂದ ಮಗು ಆಸೆಯಿಂದ ಕುಡಿಯಿತು. ಆದರೆ ಕುಡಿದಷ್ಟೂ ನೀರಾಗಿಯೇ ಹೋಗುತ್ತಾ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದು, ಎತ್ತಿಕೊಂಡರೆ ಹೆಗಲ ಮೇಲೆ ತಲೆ ಚೆಲ್ಲುವಂತಾಯಿತು.

ಮನೆ ಭೇಟಿಗೆಂದು ಬಂದ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮೆಟ್ಟಿಲು ಹತ್ತುವಾಗಲೇ ಜಗಲಿಯ ಮೇಲಿದ್ದ ಡಬ್ಬಿಯನ್ನು ನೋಡಿದರು. "ಟೀಚರೇ, ಇದು ಜ್ಯೂಸು, ಇದರಲ್ಲಿ ಸಕ್ಕರೆ ಜಾಸ್ತಿ. ಪುಡಿ ಕಲಸಿ ಕೊಡುವ. ಒಂದು ಲೀಟರಿನ ಬಾಟಲಿ ಉಂಟಾ?" ಎಂದು ಕೇಳಿ, ತಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದರು. ಕಾಯಿಸಿ ಆರಿಸಿದ ನೀರನ್ನು ಬಾಟಲಿಯಲ್ಲಿ ಅಳೆದು ಪಾತ್ರೆಗೆ ಸುರಿದು, ಪೊಟ್ಟಣವನ್ನು ಪೂರ್ತಿಯಾಗಿ ಅದಕ್ಕೆ ಹಾಕಿ ಕಲಸಿದ ಮೇಲೆ ಮೊದಲ ಚಮಚವನ್ನು ನನ್ನ ನಾಲಗೆಗೇ ಇಟ್ಟರು. "ಕಣ್ಣೀರಿನಷ್ಟು ಉಪ್ಪು ಇರಬೇಕು, ಅದಕ್ಕಿಂತ ಹೆಚ್ಚಾದರೆ ಚೆಲ್ಲಿಬಿಡಿ" ಎಂದರು. ಮಗು ಎರಡು ಚಮಚ ಕುಡಿದು ವಾಂತಿ ಮಾಡಿದಾಗ ನಾನು ಪಾತ್ರೆಯನ್ನು ಕೆಳಗಿಟ್ಟೆ. ಅವರು ಗಡಿಯಾರ ನೋಡಿ, ಹತ್ತು ನಿಮಿಷ ಬಿಟ್ಟು ಪುನಃ ಚಮಚ ಎತ್ತಿದರು. ಅವರು ಹೋದ ಮೇಲೆ ಸೊಸೆಯೂ ನಾನೂ ಸರದಿಯಲ್ಲಿ ಕುಳಿತು ಚಮಚ ಚಮಚವಾಗಿ ಕೊಟ್ಟೆವು. ರಾತ್ರಿ ಒಂಬತ್ತರ ಹೊತ್ತಿಗೆ ಮಗು ಮೂತ್ರ ಮಾಡಿತು. ಅಷ್ಟು ಹೊತ್ತು ಒಣಗಿದ್ದ ಆ ಬಟ್ಟೆ ಒದ್ದೆಯಾದದ್ದನ್ನು ಕೈಯಲ್ಲಿ ಮುಟ್ಟಿ ನೋಡಿ ಸೊಸೆ ಅತ್ತಳು.

ನಾನು ಇಲ್ಲಿ ವಿಮರ್ಶಿಸುತ್ತಿರುವುದು ಆ ಪೊಟ್ಟಣವನ್ನು, ಮತ್ತು ಅದನ್ನು ನಮ್ಮ ಮನೆಯ ಬಾಗಿಲಿಗೆ ತಂದ ಸೇವೆಯನ್ನು. ಎರಡಕ್ಕೂ ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಪ್ರಶಸ್ತಿ ಸಂದಿದೆ ಎಂಬುದು ನನಗೆ ಆಮೇಲೆ, ಓದುತ್ತಾ ಹೋದಂತೆ ತಿಳಿಯಿತು.

ಮೊದಲು ಪೊಟ್ಟಣದ ಒಳಗೇನಿದೆ ಎಂಬುದನ್ನು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಮತ್ತು 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ಒಟ್ಟು 20.5 ಗ್ರಾಂ. ಮೆಡಿಕಲ್‌ಗಳಲ್ಲಿ ಸಿಗುವ ಕಿತ್ತಳೆ ಅಥವಾ ನಿಂಬೆಯ ಪರಿಮಳದ ಪೊಟ್ಟಣಗಳ ತೂಕ ಪರಿಮಳದ ಸಾಮಗ್ರಿಯಿಂದಾಗಿ ಇದಕ್ಕಿಂತ ತುಸು ಹೆಚ್ಚು ಇರುತ್ತದೆ, ಅದರಿಂದ ತೊಂದರೆಯಿಲ್ಲ. ಸರಕಾರಿ ಪೊಟ್ಟಣದ ರುಚಿ ಚೆನ್ನಾಗಿಲ್ಲ ಎಂದು ಹಲವರು ದೂರುತ್ತಾರೆ. ನಾನು ಎರಡನ್ನೂ ಕುಡಿದು ನೋಡಿದ್ದೇನೆ. ಸಾದಾ ಪುಡಿಯ ನೀರು ಮಂದವಾದ ಉಪ್ಪುಸಿಹಿ; ಪರಿಮಳದ್ದು ಬಾಯಿಗೆ ಹಿತ. ಹಟ ಹಿಡಿಯುವ ಮಗುವಿಗೆ ಪರಿಮಳದ್ದು ಅನುಕೂಲವಾಗಬಹುದು. ಆದರೆ ಮೈಯಲ್ಲಿ ನೀರು ನಿಜವಾಗಿಯೂ ಬತ್ತಿದಾಗ ಮಗು ಸಾದಾ ಪುಡಿಯ ನೀರನ್ನೇ ಆತುರದಿಂದ ಕುಡಿಯುವುದನ್ನು ನಾನು ಅಂದು ಕಂಡೆ. ಆದ್ದರಿಂದ ರುಚಿಯ ದೂರಿಗೆ ನಾನು ಹೆಚ್ಚು ಬೆಲೆ ಕೊಡಲಾರೆ.

ಅಳತೆಗೆ ಇಷ್ಟೇಕೆ ಕಟ್ಟುನಿಟ್ಟು ಎಂಬ ಪ್ರಶ್ನೆಗೆ ಉತ್ತರ ನಮ್ಮ ಊರಿನ ಉಪ್ಪಿನಕಾಯಿ ಭರಣಿಯಲ್ಲಿದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಕೆಲವು ದಿನಗಳಲ್ಲಿ ಮಿಡಿ ಚಿರುಟಿ, ಒಳಗಿದ್ದ ನೀರೆಲ್ಲ ಹೊರಗೆ ಬಂದು ಭರಣಿಯಲ್ಲಿ ತುಂಬಿಕೊಳ್ಳುತ್ತದೆ. ಉಪ್ಪೇ ಇರಲಿ, ಸಕ್ಕರೆಯೇ ಇರಲಿ, ದಟ್ಟವಾದ ಕಡೆಗೆ ನೀರು ಹರಿಯುತ್ತದೆ. ವಿಪರೀತ ಸಕ್ಕರೆಯಿರುವ ಪಾನೀಯ ಭೇದಿಯಾಗುತ್ತಿರುವ ಮಗುವಿನ ಕರುಳಿಗೆ ಇಳಿದಾಗ ನಡೆಯುವುದೂ ಅದೇ: ಮೈಯೊಳಗಿನ ನೀರು ಕರುಳಿನ ಕಡೆಗೆ ಬಂದು ಭೇದಿ ಮತ್ತಷ್ಟು ಹೆಚ್ಚುತ್ತದೆ. ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ರುಚಿಗಲ್ಲ, ಶಕ್ತಿಗೂ ಅಲ್ಲ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ತೆರೆದುಕೊಳ್ಳುವ ಒಂದು ದಾರಿಯಿದೆ. ಅವೆರಡೂ ಒಳಗೆ ಹೋದಾಗ ನೀರು ಹಿಂಬಾಲಿಸುತ್ತದೆ. ಕಾಲರಾದಂಥ ಕಾಯಿಲೆ ಕರುಳಿನಿಂದ ನೀರನ್ನು ಹೊರಗೆ ಸುರಿಸುತ್ತಿರುವಾಗಲೂ ಈ ಒಂದು ದಾರಿ ಮುಚ್ಚುವುದಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿ ಸಾಗಣೆಯನ್ನು ವಿವರಿಸಿದರು. 2002ರಲ್ಲಿ ಹಳೆಯ ಸೂತ್ರದ ಉಪ್ಪನ್ನೂ ಗ್ಲೂಕೋಸನ್ನೂ ತಗ್ಗಿಸಿ, ದ್ರಾವಣದ ಸಾಂದ್ರತೆಯನ್ನು ಲೀಟರಿಗೆ 311ರಿಂದ 245 ಮಿಲಿಆಸ್ಮೋಲ್‌ಗೆ (ಕರಗಿದ ಕಣಗಳ ಲೆಕ್ಕ) ಇಳಿಸಲಾಯಿತು. ಇಂದು ನಮ್ಮ ಕೈಗೆ ಬರುವುದು ಈ ತಿದ್ದಿದ ಸೂತ್ರದ ಪೊಟ್ಟಣ.

ಈ ಪುಡಿಯ ಮೇಲೆ ಹೊರಿಸುವ ಒಂದು ತಪ್ಪು ಆಪಾದನೆಯೂ ಇದೆ. "ಕೊಟ್ಟೆವು, ಆದರೂ ಭೇದಿ ನಿಲ್ಲಲಿಲ್ಲ" ಎಂದು ಅರ್ಧ ದಿನಕ್ಕೇ ಕೈಬಿಡುವವರನ್ನು ನಾನು ನೋಡಿದ್ದೇನೆ. ಇದು ಭೇದಿ ನಿಲ್ಲಿಸುವ ಔಷಧವೇ ಅಲ್ಲ. ಹೋದ ನೀರನ್ನೂ ಲವಣವನ್ನೂ ಮರಳಿ ತುಂಬಿಸಿ ಜೀವ ಉಳಿಸುವ ಕೆಲಸವಷ್ಟೇ ಇದರದ್ದು. ಭೇದಿಯ ಅವಧಿಯನ್ನು ತಗ್ಗಿಸಲು ಜೊತೆಗೆ ಸತುವಿನ, ಅಂದರೆ ಜಿಂಕ್ ಮಾತ್ರೆಯನ್ನು 14 ದಿನ ಕೊಡಬೇಕು. ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಶಿಶುಗಳಿಗೆ 10. ಮೂರನೆಯ ದಿನಕ್ಕೆ ಮಗು ಆಡತೊಡಗಿದಾಗ ಮಾತ್ರೆ ನಿಲ್ಲಿಸುವ ಮನಸ್ಸು ನಮಗೂ ಆಗಿತ್ತು. ಆಶಾ ಅಕ್ಕ ದಾರಿಯಲ್ಲಿ ಸಿಕ್ಕಾಗಲೆಲ್ಲ "ಇವತ್ತು ಎಷ್ಟನೇದು?" ಎಂದು ಕೇಳುತ್ತಿದ್ದುದರಿಂದ ಹದಿನಾಲ್ಕೂ ಮುಗಿದವು.

ಪ್ರಶಸ್ತಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಪೊಟ್ಟಣದ ಗುಣವನ್ನು ಅದರ ಹುಟ್ಟಿನಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಯುವ ವೈದ್ಯರು ಕಾಲರಾ ರೋಗಿಗಳಿಗೆ ಬಾಯಿಯ ಮೂಲಕ ಕೊಡುವ ದ್ರಾವಣದಿಂದ ರಕ್ತನಾಳಕ್ಕೆ ಹಾಕುವ ಸಲೈನಿನ ಅಗತ್ಯ ಬಹುಪಾಲು ತಗ್ಗುತ್ತದೆ ಎಂದು ತೋರಿಸಿದ್ದರು. ಆದರೆ ಅದು ಸಂಶೋಧನಾ ಆಸ್ಪತ್ರೆಯ ಒಳಗಿನ ಮಾತು. 1971ರ ಬಾಂಗ್ಲಾದೇಶ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ಗೆ ಲಕ್ಷಾಂತರ ನಿರಾಶ್ರಿತರು ಬಂದು, ಅವರ ನಡುವೆ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಾಲನಾಬಿಸ್ ಅವರ ಕೈಯಲ್ಲಿದ್ದದ್ದು ಎರಡು ಕೋಣೆ, ಹದಿನಾರು ಹಾಸಿಗೆಯ ಆಸ್ಪತ್ರೆ. ನೆಲದ ಮೇಲೆಲ್ಲ ರೋಗಿಗಳು. ಸಲೈನ್ ಮುಗಿಯುತ್ತಾ ಬಂದಿತ್ತು. ಅದನ್ನು ಹಾಕಲು ಬಲ್ಲವರೂ ಸಾಕಷ್ಟಿರಲಿಲ್ಲ. ಅವರು ಕಲ್ಕತ್ತೆಯಲ್ಲಿ ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಅಡುಗೆ ಸೋಡಾವನ್ನು ತೂಗಿಸಿ, ತಮ್ಮ ಸಂಸ್ಥೆಯ ಗ್ರಂಥಾಲಯದ ಕೋಣೆಯಲ್ಲೇ ಪಾಲಿಥೀನ್ ಚೀಲಗಳಿಗೆ ತುಂಬಿಸಿ, ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ಬಾಯಿ ಮುಚ್ಚಿಸಿ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಆ ಪುಡಿಯನ್ನು ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕರಗಿಸಿಟ್ಟು, ಲೋಟ ಹಿಡಿದು ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೆ, ಅಕ್ಕತಂಗಿಯರಿಗೆ ವಹಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಶಿಬಿರಕ್ಕೆ ಬಂದು ಕಣ್ಣಾರೆ ನೋಡಿ, ಇದನ್ನು ಜಗತ್ತಿನ ಮುಂದಿಟ್ಟರು. 1978ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯ ಸಂಪಾದಕೀಯ ಇದನ್ನು ಬಹುಶಃ ಆ ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆ ಎಂದು ಬಣ್ಣಿಸಿತು.

ಢಾಕಾದ ಆ ಸಂಶೋಧನಾ ಸಂಸ್ಥೆಗೆ 2001ರಲ್ಲಿ ಜಾಗತಿಕ ಆರೋಗ್ಯಕ್ಕಾಗಿ ನೀಡುವ ಗೇಟ್ಸ್ ಪ್ರಶಸ್ತಿ ಬಂದಿತು. ಆ ಪ್ರಶಸ್ತಿಯ ಮೊದಲ ಪುರಸ್ಕೃತ ಸಂಸ್ಥೆಯೇ ಅದು. 2002ರಲ್ಲಿ ಮಹಾಲನಾಬಿಸ್, ನಾಲಿನ್ ಮತ್ತು ಇದೇ ಚಿಕಿತ್ಸೆಯ ಮೇಲೆ ಕೆಲಸ ಮಾಡಿದ್ದ ನಾರ್ಬರ್ಟ್ ಹರ್ಷ್‌ಹಾರ್ನ್, ನಥಾನಿಯಲ್ ಪಿಯರ್ಸ್ ಅವರಿಗೆ ಮಕ್ಕಳ ವೈದ್ಯಕೀಯ ಸಂಶೋಧನೆಗಾಗಿ ನೀಡುವ ಪೋಲಿನ್ ಪ್ರಶಸ್ತಿ, 2006ರಲ್ಲಿ ಮಹಾಲನಾಬಿಸ್, ನಾಲಿನ್ ಮತ್ತು ಕ್ಯಾಶ್ ಅವರಿಗೆ ಥಾಯ್ಲೆಂಡಿನ ಪ್ರಿನ್ಸ್ ಮಹಿಡೋಲ್ ಪ್ರಶಸ್ತಿಯ ಗೌರವ. ಮಹಾಲನಾಬಿಸ್ 2022ರ ಅಕ್ಟೋಬರಿನಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡರು. 2023ರ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಭಾರತ ಸರಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಿತು. ಕೆಲವೇ ತಿಂಗಳು ಮೊದಲು ಇದು ಬಂದಿದ್ದರೆ ಎಂದು ನಾನು ಬಹಳ ಸಲ ಅಂದುಕೊಂಡಿದ್ದೇನೆ. ಬನಗಾಂವ್‌ಗೂ ಪದ್ಮಕ್ಕೂ ನಡುವೆ ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರವಿದೆ.

ಆರೋಗ್ಯದ ಸಮಾನತೆಗಾಗಿ ಪ್ರಶಸ್ತಿ ಕೊಡುವವರು ಏನನ್ನು ನೋಡಿ ಕೊಡಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ, ಮಹಾಲನಾಬಿಸ್ ಅವರ ಸೂತ್ರಕ್ಕಿಂತಲೂ ಅವರು ಲೋಟವನ್ನು ತಾಯಂದಿರ ಕೈಗೆ ಕೊಟ್ಟ ಆ ನಿರ್ಧಾರವನ್ನು ತೋರಿಸುತ್ತೇನೆ. ಉಡುಪಿಯವರಾದ ನಮಗೆ ಇದು ತಟ್ಟನೆ ಹೊಳೆಯದು, ಏಕೆಂದರೆ ನಾವು ಅದೃಷ್ಟವಂತರು: ಗುಡ್ಡ ಹತ್ತಿದರೆ ಮಣಿಪಾಲದ ದೊಡ್ಡ ಆಸ್ಪತ್ರೆ, ಮಂಗಳೂರಿಗೆ ಹೋದರೆ 1848ರಿಂದ ಇರುವ ವೆನ್‌ಲಾಕ್ ಆಸ್ಪತ್ರೆ. ಆದರೆ ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಬೋಟು ವಾರ ಕಳೆದರೂ ದಡ ಮುಟ್ಟದಿರುವಾಗ ಅಲ್ಲಿ ಒಬ್ಬನಿಗೆ ವಾಂತಿ-ಭೇದಿ ಹಿಡಿದರೆ, ಅವನ ಬಳಿಗೆ ಸಲೈನೂ ಬರುವುದಿಲ್ಲ, ದಾದಿಯೂ ಬರುವುದಿಲ್ಲ. ಪೊಟ್ಟಣ ಮತ್ತು ಶುದ್ಧ ನೀರು ಇದ್ದರೆ ಜೊತೆಗಿರುವ ಇನ್ನೊಬ್ಬ ಮೀನುಗಾರ ಅವನಿಗೆ ಅದನ್ನು ಕುಡಿಸಬಲ್ಲ. ಕೆಲವು ರೂಪಾಯಿಯ ವಸ್ತುವೊಂದು ಕಲಿತ ವೈದ್ಯನ ಕೆಲಸದ ದೊಡ್ಡ ಪಾಲನ್ನು ಓದುಬರಹ ಬಾರದವನ ಕೈಗೂ ಒಪ್ಪಿಸುವ ಇಂಥ ಉದಾಹರಣೆ ನನಗೆ ಬೇರೊಂದು ಗೊತ್ತಿಲ್ಲ.

ಆ ಕೈಗಳನ್ನು ಗುರುತಿಸಿದ ಪ್ರಶಸ್ತಿಗಳೂ ಇವೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಕಾಲ ಹಳ್ಳಿಹಳ್ಳಿಗೆ ಹೆಂಗಸರನ್ನೇ ಕಳುಹಿಸಿ, ಚಿಟಿಕೆ ಉಪ್ಪು, ಹಿಡಿ ಬೆಲ್ಲ ಮತ್ತು ಅಳೆದ ನೀರಿನಿಂದ ಮನೆಯಲ್ಲೇ ದ್ರಾವಣ ಮಾಡುವುದನ್ನು ಒಂದು ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕಲಿಸಿತು. ಆ ಸಂಸ್ಥೆಗೆ 2008ರಲ್ಲಿ ಹಿಲ್ಟನ್ ಮಾನವೀಯ ಪ್ರಶಸ್ತಿ ಸಂದಿತು. 2022ರ ಮೇ ತಿಂಗಳಲ್ಲಿ ಜಿನೀವಾದ ವಿಶ್ವ ಆರೋಗ್ಯ ಅಧಿವೇಶನದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರ ಜಾಗತಿಕ ಆರೋಗ್ಯ ನಾಯಕತ್ವ ಪ್ರಶಸ್ತಿಯನ್ನು ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಒಟ್ಟಾಗಿ ನೀಡಲಾಯಿತು. ನಮ್ಮ ಜಗಲಿಗೆ ಬಂದವರೂ ಆ ಪುರಸ್ಕೃತರಲ್ಲಿ ಒಬ್ಬರು. ನಾನು ಇದನ್ನು ಹೇಳಿದಾಗ ಅವರು ನಾಚಿ ನಕ್ಕು, "ಹೌದು ಟೀಚರೇ, ಅದು ಎಲ್ಲರಿಗೂ ಬಂದದ್ದು" ಎಂದರು. ಅದೇ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಗೌರವಧನ ಹೆಚ್ಚಿಸಬೇಕೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕುಳಿತಿದ್ದರು. ಮನೆಬಾಗಿಲಿಗೆ ಬರುವ ಈ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಅವರಿಗೆ ಸಲ್ಲಬೇಕಾದ ಹಣ ತಿಂಗಳು ತಿಂಗಳು ತಪ್ಪದೆ ಸಲ್ಲಬೇಕು ಎಂಬ ಮಾತನ್ನೂ ಆ ಅಂಕದ ಜೊತೆಯಲ್ಲೇ ಸೇರಿಸುತ್ತೇನೆ.

ಈಗ ಪೊಟ್ಟಣದ ಕೊರತೆಗಳು. ನಾನು ಈ ವಿಮರ್ಶೆಗಾಗಿ ಉಡುಪಿ ಮತ್ತು ಮಂಗಳೂರಿನ ಬೇರೆ ಬೇರೆ ಮೆಡಿಕಲ್‌ಗಳಿಂದ ಕೆಲವು ಪೊಟ್ಟಣಗಳನ್ನು ಕೊಂಡು ಮೇಜಿನ ಮೇಲೆ ಸಾಲಾಗಿಟ್ಟು ನೋಡಿದೆ. ಹಿಂಬದಿಯ ಸೂಚನೆಯನ್ನು ಕನ್ನಡಕ ಹಾಕಿಕೊಂಡರೂ ಓದಲು ಕಷ್ಟ. ನನ್ನ ಕೈಗೆ ಬಂದವುಗಳಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ. ಇನ್ನೊಂದು, ಅದಕ್ಕಿಂತ ಗಂಭೀರವಾದದ್ದು: ಲೀಟರಿಗೆ ಕಲಸುವ ದೊಡ್ಡ ಪೊಟ್ಟಣದ ಜೊತೆಗೆ 200 ಮಿಲಿಲೀಟರಿಗೆ, ಅಂದರೆ ಒಂದು ಲೋಟಕ್ಕೆ ಕಲಸುವ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಇವೆರಡರ ಬಣ್ಣ, ಚಿತ್ರ, ಹೆಸರು ಎಲ್ಲವೂ ಒಂದೇ. ಚಿಕ್ಕದರ ಅಭ್ಯಾಸವಿರುವ ಮನೆಯವರು ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ದ್ರಾವಣ ಐದು ಪಟ್ಟು ದಟ್ಟವಾಗಿ, ಮಿಡಿ ಉಪ್ಪಿನ ಕಥೆ ಮಗುವಿನ ಮೈಯಲ್ಲೇ ನಡೆಯುತ್ತದೆ. ದೊಡ್ಡ ಪೊಟ್ಟಣದಿಂದ "ಸ್ವಲ್ಪ ಸ್ವಲ್ಪ" ಪುಡಿ ತೆಗೆದು ಲೋಟಕ್ಕೆ ಹಾಕುವ ಪದ್ಧತಿಯೂ ಇದೆ. ನಮ್ಮ ಪಕ್ಕದ ಮನೆಯಲ್ಲೇ ಹಾಗೆ ಮಾಡುತ್ತಿದ್ದರು. ಅದರಲ್ಲಿ ಯಾವ ಲೋಟಕ್ಕೆ ಎಷ್ಟು ಉಪ್ಪು ಬಿತ್ತೆಂದು ಯಾರೂ ಹೇಳಲಾರರು. ತಯಾರಕರು ಪೊಟ್ಟಣದ ಮುಂಬದಿಯಲ್ಲೇ ಒಂದು ಲೀಟರ್ ಬಾಟಲಿಯ ಅಥವಾ ಒಂದು ಲೋಟದ ದೊಡ್ಡ ಚಿತ್ರವನ್ನು ಮುದ್ರಿಸಿ, "ಪೂರ್ತಿ ಪೊಟ್ಟಣ, ಒಂದು ಲೀಟರ್ ನೀರು, 24 ಗಂಟೆಯೊಳಗೆ ಕುಡಿಸಿ, ಉಳಿದದ್ದನ್ನು ಚೆಲ್ಲಿ" ಎಂಬಷ್ಟನ್ನು ಕನ್ನಡದಲ್ಲಿ ಹಾಕಿದರೆ ಇದಕ್ಕೆ ಹೆಚ್ಚು ಖರ್ಚಾಗದು. ಸೂಚನೆ ಅರ್ಥವಾಗದಿದ್ದರೆ ಪೊಟ್ಟಣದ ಒಳಗಿನ ಅಷ್ಟೂ ವಿಜ್ಞಾನ ಆ ಮನೆಯ ಮಟ್ಟಿಗೆ ವ್ಯರ್ಥ.

ರಟ್ಟಿನ ಡಬ್ಬಿಯ ಕಥೆಗೆ ಆ ವರ್ಷವೇ ಒಂದು ತಿರುವು ಬಂದಿತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಹಲವು ವರ್ಷ ಒಬ್ಬರೇ ಎಂಬಂತೆ ನಡೆಸಿದ ಹೋರಾಟದ ಬಳಿಕ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತಿಲ್ಲದ ಪಾನೀಯಗಳು ತಮ್ಮ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದವನ್ನು ಬಳಸಕೂಡದೆಂದು ಆದೇಶಿಸಿತು. ನಾನು ಎತ್ತಿಟ್ಟುಕೊಂಡಿದ್ದ ಡಬ್ಬಿಯ ಸಕ್ಕರೆಯನ್ನು ಲೀಟರಿನ ಲೆಕ್ಕಕ್ಕೆ ಪರಿವರ್ತಿಸಿದಾಗ ನೂರು ಗ್ರಾಂ ದಾಟಿತ್ತು, ಪೊಟ್ಟಣದಲ್ಲಿರುವುದು ಹದಿಮೂರೂವರೆ. ಈ ವೈದ್ಯೆಯ ಕೆಲಸವೂ ಒಂದು ದೊಡ್ಡ ಪ್ರಶಸ್ತಿಗೆ ಅರ್ಹವಾದದ್ದೆಂದು ನಾನು ಮನಸಾರೆ ನಂಬುತ್ತೇನೆ. ಆದೇಶದ ನಂತರವೂ ಅಂಗಡಿಯಲ್ಲಿ ಹೆಸರು ಹೇಳಿ ಕೇಳುವುದಕ್ಕಿಂತ, "ನೀರಿಗೆ ಕಲಸುವ ಪುಡಿ, ಡಬ್ಲ್ಯುಎಚ್‌ಒ ಸೂತ್ರದ್ದು" ಎಂದು ಬಿಡಿಸಿ ಕೇಳುವುದು ಒಳ್ಳೆಯದು.

ಮನೆಯಲ್ಲಿ ಪೊಟ್ಟಣವಿಲ್ಲದ ಹೊತ್ತಿಗೆ ನಮ್ಮ ಕಡೆಯ ಅಡುಗೆಮನೆ ಬರಿಗೈಯಲ್ಲಿ ನಿಲ್ಲುವುದಿಲ್ಲ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಡುವುದು, ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡುವುದು ಭೇದಿಯ ಆರಂಭದಲ್ಲಿ ತಕ್ಕ ಕ್ರಮಗಳೇ. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಕಡಿಮೆ. ಆದ್ದರಿಂದ ಅದು ಪುಡಿಯ ಸ್ಥಾನವನ್ನು ತುಂಬದು. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಲೇಬಾರದು. ಮಗು ಕುಡಿಯಲಾರದಷ್ಟು ಸುಸ್ತಾಗಿ ಮಂಪರಿಗೆ ಜಾರಿದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ಚಮಚ ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು. ಆಗ ಸಲೈನೇ ಬೇಕಾಗಬಹುದು.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮೆಡಿಕಲ್‌ನಲ್ಲಿ ಒಂದು ಲೋಟ ಕಬ್ಬಿನ ಹಾಲಿನ ದರದ ಆಸುಪಾಸು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತ. ಇಷ್ಟಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಶೇ. 60ರಷ್ಟು ಮಕ್ಕಳಿಗೆ ಮಾತ್ರ ಓಆರ್‌ಎಸ್ ಸಿಕ್ಕಿತ್ತು. ಉಳಿದ ಮಕ್ಕಳ ಮನೆಗಳಲ್ಲಿ ಆ ಹೊತ್ತಿಗೆ ಏನು ನಡೆದಿರಬಹುದೆಂದು ನಮ್ಮ ಮನೆಯ ಆ ಮಧ್ಯಾಹ್ನವನ್ನು ನೆನೆದು ನಾನು ಊಹಿಸಬಲ್ಲೆ.

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಈಗ ಲೀಟರಿನ ನಾಲ್ಕು ಪೊಟ್ಟಣಗಳು, ಒಂದು ಪಟ್ಟಿ ಜಿಂಕ್ ಮಾತ್ರೆ ಇವೆ. ಚಿಕ್ಕ ಪೊಟ್ಟಣಗಳನ್ನು ಗೊಂದಲವಾಗಬಾರದೆಂದು ನಾವು ಇಡುವುದಿಲ್ಲ. ಸೊಸೆ ಒಂದು ಸ್ಟೀಲಿನ ಪಾತ್ರೆಗೆ ಬಾಟಲಿಯಲ್ಲಿ ಅಳೆದು ಸರಿಯಾಗಿ ಒಂದು ಲೀಟರ್ ನೀರು ಸುರಿದು, ನೀರು ನಿಂತ ಮಟ್ಟದಲ್ಲಿ ಉಗುರಿನ ಬಣ್ಣದಿಂದ ಕೆಂಪು ಗೆರೆ ಎಳೆದಿದ್ದಾಳೆ. ಪಕ್ಕದ ಮನೆಯವರು ಅದನ್ನು ನೋಡಿ ತಮ್ಮ ಪಾತ್ರೆಯನ್ನೂ ತಂದು ಗೆರೆ ಹಾಕಿಸಿಕೊಂಡು ಹೋದರು.